ಬೂದಿ ಚಂದ್ರನ ಮೇಲೆ ಸೊಟ್ಟ ಬಿದ್ದ ಕಲ್ಲು

ಸಿಂಧನೂರಿನ ಬಸ್ ನಿಲ್ದಾಣದ ಎದುರಿಗಿರುವ ಸ್ಟೇಶನರಿ ಅಂಗಡಿಯಲ್ಲಿ ಸೌರವ್ಯೂಹ ಸೆಟ್ಟಿನ ಲೆಕ್ಕದಲ್ಲಿ ಸಿಗುತ್ತದೆ. ಒಂದು ದೊಡ್ಡ ಹಳದಿ ಉಂಡೆ, ಒಂಬತ್ತು ಸಣ್ಣ ಉಂಡೆ, ಚುಚ್ಚಲು ತಂತಿ, ಕೆಳಗಿಡಲು ಕಪ್ಪು ಬಣ್ಣ ಬಳಿದ ಥರ್ಮೋಕೋಲ್ ಹಾಳೆ. ಶಾಲೆಗಳಲ್ಲಿ ಪ್ರಾಜೆಕ್ಟಿನ ಹಂಗಾಮು ಶುರುವಾದರೆ ಈ ಸೆಟ್ಟುಗಳು ಅಂಗಡಿಯ ಸೂರಿನಿಂದ ನೇತಾಡುತ್ತವೆ. ಪ್ಲೂಟೊವನ್ನು ಗ್ರಹಗಳ ಪಟ್ಟಿಯಿಂದ ತೆಗೆದು ಎಷ್ಟೋ ವರ್ಷಗಳಾದವು, ಎಂಟೇ ಉಂಡೆ ಸಾಕು ಎಂದು ನಾನೊಮ್ಮೆ ಅಂಗಡಿಯವನಿಗೆ ಹೇಳಿದೆ. ಅವನು ನನ್ನನ್ನು ಕನಿಕರದಿಂದ ನೋಡಿದ.

“ನವಗ್ರಹ ಅಂತಾರಲ್ರೀ ಸರ. ಎಂಟು ಕೊಟ್ರ, ಒಂದು ಕಮ್ಮಿ ಕೊಟ್ಟೀಯಲೇ ಅಂತ ಮಂದಿ ವಾಪಸ್ ತರ್ತಾರ.”

ನಾನು ಭೌತಶಾಸ್ತ್ರದ ಎಂ.ಎಸ್ಸಿ. ಕಲಬುರಗಿಯಲ್ಲಿ ಓದಿದವನು, ಧಾರವಾಡದಲ್ಲಿ ಸಂಶೋಧನೆಗೆ ಸೇರಿ ಅರ್ಧಕ್ಕೆ ಬಿಟ್ಟು ಬಂದವನು. ಈಗ ಸಿಂಧನೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಈ ಅರ್ಹತೆಗಳ ಬಲದಿಂದ ಸುತ್ತಮುತ್ತ ಎಲ್ಲಿ ಮಕ್ಕಳ ವಿಜ್ಞಾನ ಮಾದರಿಗಳ ಸ್ಪರ್ಧೆಯಾದರೂ ನನ್ನನ್ನು ತೀರ್ಪುಗಾರನಾಗಿ ಕರೆಯುತ್ತಾರೆ. ಮಾದರಿಗಳನ್ನು ನಾನು ನೋಡುವುದು ಎರಡು ಸಲ: ಮೊದಲು ಅಂಗಡಿಯ ಸೂರಿನ ಕೆಳಗೆ, ಆಮೇಲೆ ಮೇಜಿನ ಮೇಲೆ. ನಡುವೆ ಆಗುವ ಬದಲಾವಣೆ ಇಷ್ಟೇ, ಉಂಡೆಗಳಿಗೆ ಹೆಸರಿನ ಚೀಟಿ ಅಂಟಿರುತ್ತದೆ. ಒಂದು ಶಾಲೆಯಲ್ಲಿ ಒಂಬತ್ತನೆಯ ಉಂಡೆಗೆ ಏನು ಬರೆಯಬೇಕೆಂದು ತಿಳಿಯದೆ ಯಾರೋ ತಂದೆ ‘ಕೇತು’ ಎಂದು ಬರೆದು ಕಳಿಸಿದ್ದ. ಹಾಗೆ ಬರೆದದ್ದನ್ನು ನಾನೇ ಕಂಡೆನೋ, ಬೇರೆ ಯಾರಾದರೂ ಹೇಳಿದ್ದು ನನ್ನದೇ ಅನುಭವವಾಗಿಬಿಟ್ಟಿದೆಯೋ ಈಗ ಹೇಳಲಾರೆ. ಇತ್ತೀಚೆಗೆ ಈ ಸಂಶಯ ನನಗೆ ಎಲ್ಲದರ ಮೇಲೂ ಬರುತ್ತಿದೆ. ಬರಲು ಕಾರಣವಾದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತೀರ್ಪುಗಾರನ ಕೆಲಸದ ಬಗೆಯನ್ನು ಮೊದಲು ಹೇಳಬೇಕು. ನಮ್ಮ ಕೈಗೆ ಕೊಡುವ ಅಂಕಪಟ್ಟಿ ಖಾಲಿ ಇರುವುದಿಲ್ಲ. ಪ್ರತಿ ಹೆಸರಿನ ಮುಂದೆ ತೆಳುವಾಗಿ ಪೆನ್ಸಿಲಿನಲ್ಲಿ ಅಂಕ ಬರೆದಿರುತ್ತದೆ. ನಾವು ಅದರ ಮೇಲೆ ಪೆನ್ನಿನಿಂದ ಬರೆಯುತ್ತೇವೆ, ಆಮೇಲೆ ಸಂಘಟಕರು ರಬ್ಬರಿನಿಂದ ಪೆನ್ಸಿಲನ್ನು ಅಳಿಸುತ್ತಾರೆ. ಇದನ್ನು ಯಾರೂ ಮೋಸವೆಂದು ತಿಳಿಯುವುದಿಲ್ಲ. ಮೊದಲ ಸಲ ನನಗೆ ಪಟ್ಟಿ ಕೊಟ್ಟವರು “ನಿಮಗ ತ್ರಾಸ ಆಗಬಾರದಂತ ಹಾಕೇವ್ರೀ” ಎಂದಿದ್ದರು, ಬಿಸಿಲಲ್ಲಿ ಬಂದವನಿಗೆ ನೀರು ಕೊಡುವವರ ದನಿಯಲ್ಲಿ. ಬೇರೆ ಅಂಕ ಹಾಕಲು ಯಾವ ಅಡ್ಡಿಯೂ ಇಲ್ಲ. ಹಾಕಿದರೆ ಪಟ್ಟಿ ಗಲೀಜಾಗುತ್ತದೆ, ಅಷ್ಟೇ. ಪಟ್ಟಿ ಗಲೀಜಾದರೆ ಹೊಸ ಪಟ್ಟಿ ಬರೆಯಬೇಕು, ಹೊಸ ಪಟ್ಟಿ ಬರೆದರೆ ಊಟ ತಡವಾಗುತ್ತದೆ. ನಾನು ಊಟ ತಡ ಮಾಡಿದವನಲ್ಲ.

ನಮ್ಮ ದೇಶದ ನೌಕೆ ಚಂದ್ರನ ಮೇಲೆ ಇಳಿದ ಮೇಲೆ ಈ ಸ್ಪರ್ಧೆಗಳಿಗೆ ಬರ ಉಳಿಯಲಿಲ್ಲ. ಲಿಂಗಸುಗೂರಿನಲ್ಲಿ ಸಿಮೆಂಟು ಕಬ್ಬಿಣದ ವ್ಯಾಪಾರ ಮಾಡುವ ಒಬ್ಬರು ತಮ್ಮ ತಂದೆಯ ನೆನಪಿಗೆ ಒಂದು ಟ್ರಸ್ಟ್ ಮಾಡಿ, ನಾಲ್ಕು ಮತ್ತು ಐದನೆಯ ತರಗತಿಯ ಮಕ್ಕಳಿಗೆ ‘ಬಾಹ್ಯಾಕಾಶ ಮತ್ತು ಸೃಜನಶೀಲ ಚಿಂತನೆ’ ಎಂಬ ಸ್ಪರ್ಧೆ ಇಟ್ಟರು. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಶಾಲೆಗಳಿಗೆ ಕರೆ ಹೋಯಿತು. ಮೊದಲ ಸ್ಥಾನ ಪಡೆದ ಮಗುವನ್ನು ಟ್ರಸ್ಟಿನವರು ಮೂರು ದಿನ ಬೆಂಗಳೂರಿಗೆ ಕರೆದೊಯ್ಯುತ್ತಾರೆ. ತಾರಾಲಯ ತೋರಿಸಿ, ಒಬ್ಬ ನಿವೃತ್ತ ವಿಜ್ಞಾನಿಯ ಜೊತೆ ಅರ್ಧ ಗಂಟೆ ಕೂರಿಸಿ, ಏನು ಬೇಕಾದರೂ ಕೇಳಲು ಬಿಡುತ್ತಾರೆ. ಎರಡನೆಯ ಸ್ಥಾನಕ್ಕೆ ಸ್ಟೀಲಿನ ಊಟದ ಡಬ್ಬಿ.

ಸ್ಪರ್ಧೆಗೆ ಮೊದಲು ಶಿಕ್ಷಕರಿಗೆ ಒಂದು ದಿನದ ತರಬೇತಿ ಇತ್ತು. ನನ್ನನ್ನೂ ಕರೆದಿದ್ದರಿಂದ ಹೋಗಿದ್ದೆ. ಸೃಜನಶೀಲತೆ ಕಲಿಸಲು ಎಲ್ಲಿಂದಲೋ ಬಂದ ತರಬೇತುದಾರ ಪ್ರತಿಯೊಬ್ಬರಿಗೂ ಮೂವತ್ತು ಖಾಲಿ ವೃತ್ತಗಳಿದ್ದ ಹಾಳೆ ಕೊಟ್ಟು, ಹತ್ತು ನಿಮಿಷದಲ್ಲಿ ಪ್ರತಿ ವೃತ್ತವನ್ನೂ ಬೇರೆ ಬೇರೆ ವಸ್ತುವಾಗಿ ಮಾಡಿರಿ ಎಂದ. ಮುಂದಿನ ಸಾಲಿನ ಹಿರಿಯ ಮಾಸ್ತರು ಮೊದಲ ವೃತ್ತಕ್ಕೆ ಕಿರಣ ಬರೆದು ಸೂರ್ಯ ಮಾಡಿದರು. ಹಿಂದಿನವರು ಕತ್ತು ಉದ್ದ ಮಾಡಿ ನೋಡಿ ಸೂರ್ಯ ಮಾಡಿದರು. ಆಮೇಲೆ ಯಾರೋ ರೊಟ್ಟಿ ಮಾಡಿದರು, ಸಾಲಿಗೆ ಸಾಲೇ ರೊಟ್ಟಿಯಾಯಿತು. ಹತ್ತು ನಿಮಿಷದ ಕೊನೆಗೆ ಸಭಾಂಗಣದ ತುಂಬ ಸೂರ್ಯ, ರೊಟ್ಟಿ, ಚೆಂಡು, ಗಡಿಯಾರ. ಒಬ್ಬ ಮೇಡಂ ಮಾತ್ರ ಏನೂ ಬರೆಯದೆ, ಮಕ್ಕಳ ನೋಟ್‌ಬುಕ್ಕುಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ತಿದ್ದುತ್ತ ಕುಳಿತಿದ್ದರು. ಮಸ್ಕಿ ಹತ್ತಿರದ ಒಂದು ಸರಕಾರಿ ಪ್ರಾಥಮಿಕ ಶಾಲೆಯ ಮೇಡಂ ಎಂದು ಆಮೇಲೆ ತಿಳಿಯಿತು. ತರಬೇತುದಾರ ಬಂದು ಅವರ ಖಾಲಿ ವೃತ್ತಗಳನ್ನು ನೋಡಿದ. ಅವರು, ಎರಡು ತರಗತಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ನಡೆಸುತ್ತೇನೆ, ತಿದ್ದಲು ಬೇರೆ ಹೊತ್ತು ಸಿಗುವುದಿಲ್ಲ ಎಂದು ಹೇಳಿ ಮತ್ತೆ ತಲೆ ತಗ್ಗಿಸಿದರು. ಇಡೀ ದಿನದಲ್ಲಿ ನನಗೆ ತುಸು ಗೌರವ ಹುಟ್ಟಿದ್ದು ಅವರ ಮೇಲೆ.

ಸ್ಪರ್ಧೆ ನಡೆದದ್ದು ಲಿಂಗಸುಗೂರಿನ ಒಂದು ಮದುವೆ ಹಾಲಿನಲ್ಲಿ. ಹಿಂದಿನ ದಿನದ ಮದುವೆಯ ಹೂವಿನ ಕಮಾನು ಇನ್ನೂ ಬಿಚ್ಚಿರಲಿಲ್ಲ. ಅದರ ಕೆಳಗೆ ರಾಕೆಟ್ಟುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಚೆನ್ನಾಗಿ ಓದಿಕೊಂಡು ಬಂದ ಮಕ್ಕಳು, ಇಸ್ತ್ರಿ ಮಾಡಿದ ಬಟ್ಟೆ, ಎಣ್ಣೆ ಹಚ್ಚಿ ಬಾಚಿದ ತಲೆ. ನಾನು ಮೇಜಿನ ಮುಂದೆ ನಿಂತ ಕೂಡಲೇ ಪ್ರತಿ ಮಗುವೂ ಕಣ್ಣು ಮೇಲೆತ್ತಿ “ಗುಡ್ ಮಾರ್ನಿಂಗ್ ಟು ಆಲ್, ಮೈ ಸೆಲ್ಫ್” ಎಂದು ಶುರು ಮಾಡುತ್ತಿತ್ತು. ಆಗ ಮಧ್ಯಾಹ್ನವಾಗಿತ್ತು. ನಡುವೆ ಒಂದು ಪ್ರಶ್ನೆ ಕೇಳಿದರೆ ಮಗು ನಿಲ್ಲುತ್ತಿತ್ತು, ಹಿಂದೆ ನಿಂತ ಟೀಚರಿನ ಮುಖ ನೋಡುತ್ತಿತ್ತು, ಮತ್ತೆ ಗುಡ್ ಮಾರ್ನಿಂಗಿನಿಂದ ಶುರು ಮಾಡುತ್ತಿತ್ತು. ಆರನೆಯ ಮೇಜಿನ ಹೊತ್ತಿಗೆ ನಾನು ಕೇಳುವುದನ್ನು ಬಿಟ್ಟೆ.

ಸಿಂಧನೂರಿನ ಒಂದು ಖಾಸಗಿ ಶಾಲೆಯ ಹುಡುಗನ ಮುಂದೆ ಆಳೆತ್ತರದ ರಾಕೆಟ್ಟಿತ್ತು. ಬ್ಯಾಟರಿ, ಬಣ್ಣದ ದೀಪ, ಗುಂಡಿ ಒತ್ತಿದರೆ ಹತ್ತರಿಂದ ಸೊನ್ನೆಯವರೆಗೆ ಎಣಿಸುವ ದನಿ. ಮಾಡಿದವನು ಯಾರೆಂದು ನನಗೆ ಗೊತ್ತಿತ್ತು. ಮದುವೆಗಳಿಗೆ ಥರ್ಮೋಕೋಲಿನ ನವಿಲು, ಹೃದಯ ಕೆತ್ತಿಕೊಡುವ ಅದೇ ಮನುಷ್ಯ. ಟ್ರಸ್ಟಿನ ಕಾರ್ಯದರ್ಶಿ ನನ್ನ ಕಿವಿಯ ಬಳಿ ಬಾಗಿ, ಈ ಶಾಲೆಯವರು ಸಭಾಂಗಣದ ಏರ್ಪಾಡಿಗೆಲ್ಲ ಬಹಳ ಓಡಾಡಿದ್ದಾರೆ ಎಂದರು. ಪೆನ್ಸಿಲಿನಲ್ಲಿ ಆ ಹುಡುಗನ ಹೆಸರಿನ ಮುಂದೆ ಸೃಜನಶೀಲತೆಗೆ ಹತ್ತಕ್ಕೆ ಒಂಬತ್ತೂವರೆ ಇತ್ತು. ಅರ್ಧ ಅಂಕ ಯಾಕೆ ಕಡಿಮೆ ಮಾಡಿದರೋ.

ಕೊನೆಯ ಮೇಜು ಹಾಲಿನ ಒಳಗಿರಲಿಲ್ಲ. ಬಾಗಿಲ ಹೊರಗೆ, ಕೈತೊಳೆಯುವ ನಲ್ಲಿಗಳ ಪಕ್ಕದಲ್ಲಿತ್ತು. ನೆಲ ಹೊಲಸಾಗುತ್ತದೆಂದು ಹೊರಗೆ ಹಾಕಿಸಿದ್ದರು. ಸಿಮೆಂಟು ಕಲಸುವವರು ಹೊರುವಂಥ ಕಬ್ಬಿಣದ ಬುಟ್ಟಿ, ಅದರ ತುಂಬ ಬೂದಿ. ಸಿಂಧನೂರಿನಲ್ಲಿ ವಾಸ ಮಾಡುವ ಯಾರಿಗೂ ಆ ಬೂದಿಯ ಪರಿಚಯ ಬೇಡ. ಅಕ್ಕಿ ಗಿರಣಿಗಳ ಬಾಯ್ಲರಿನಲ್ಲಿ ಭತ್ತದ ಹೊಟ್ಟು ಉರಿದು ಉಳಿಯುವ ಬೂದಿ ಅದು. ಗಾಳಿ ಬೀಸಿದ ಕಡೆಯ ಓಣಿಗಳಲ್ಲಿ ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆಯ ಮೇಲೆಲ್ಲ ಕೂರುತ್ತದೆ. ನನ್ನ ಹೆಂಡತಿ ಅದಕ್ಕೆ ದಿನಾ ಶಾಪ ಹಾಕುತ್ತಾಳೆ.

ಬುಟ್ಟಿಯ ಹಿಂದೆ ನಿಂತವಳು ಐದನೆಯ ತರಗತಿಯ ಹುಡುಗಿ. ತಲೆಯ ಮೇಲಿನ ದುಪಟ್ಟಾದ ಅಂಚಿಗೂ ಬೂದಿ ಹತ್ತಿತ್ತು. ಅವಳ ಪಕ್ಕದಲ್ಲಿದ್ದವರು ತರಬೇತಿಯಲ್ಲಿ ವೃತ್ತ ತುಂಬದೆ ಕುಳಿತಿದ್ದ ಮೇಡಂ. ಇವಳ ಅಬ್ಬಾ ಸಿಂಧನೂರಿನ ಗಿರಣಿಯೊಂದರಲ್ಲಿ ಬಾಯ್ಲರಿಗೆ ಹೊಟ್ಟು ಹಾಕುವ ಕೆಲಸ ಮಾಡುತ್ತಾನೆ, ವಾರಕ್ಕೊಮ್ಮೆ ಮಸ್ಕಿಗೆ ಬರುವಾಗ ಚೀಲದಲ್ಲಿ ಬೂದಿ ತಂದುಕೊಟ್ಟ, ತಾನು ಏನೂ ಹೇಳಿಕೊಟ್ಟಿಲ್ಲ ಎಂದು ಮೇಡಂ ಮೊದಲೇ ತಪ್ಪೊಪ್ಪಿಕೊಂಡರು. ಹುಡುಗಿ ಗುಡ್ ಮಾರ್ನಿಂಗ್ ಹೇಳಲಿಲ್ಲ.

“ಇದು ಚಂದ್ರನ ನೆಲರೀ ಸರ. ನೋಡ್ರಿ.”

ಅವಳು ಒಂದು ಗೋಲಿಯನ್ನು ತಲೆಯ ಎತ್ತರದಿಂದ ಬಿಟ್ಟಳು. ಬೂದಿಯಲ್ಲಿ ದುಂಡನೆಯ ತಗ್ಗು ಬಿತ್ತು, ಸುತ್ತ ಒಂದು ಸಣ್ಣ ದಂಡೆ ಎದ್ದಿತು, ದಂಡೆಯಾಚೆ ಬೂದಿ ಎಳೆಎಳೆಯಾಗಿ ಚೆದುರಿತು. ಪಠ್ಯಪುಸ್ತಕದ ಚಂದ್ರನ ಚಿತ್ರದಲ್ಲಿ ಇರುವಂಥದೇ ತಗ್ಗು. ಇಷ್ಟಕ್ಕೇ ನಾನು ಎಚ್ಚೆತ್ತುಕೊಳ್ಳಬೇಕಾಗಿತ್ತು. ಆದರೆ ಅವಳು ಮುಗಿಸಿರಲಿಲ್ಲ. ಇನ್ನೊಂದು ಗೋಲಿಯನ್ನು ಪಕ್ಕದಿಂದ ಓರೆಯಾಗಿ ಎಸೆದಳು. ಈ ಸಲ ತಗ್ಗು ಉದ್ದವಾಯಿತು, ಸೌತೆಕಾಯಿಯ ಹಾಗೆ.

“ಸೊಟ್ಟ ಒಗದ್ರ ಉದ್ದ ಆಗ್ತೈತ್ರಿ. ಆದ್ರ ಪುಸ್ತಕದಾಗ ಚಂದ್ರನ ಮ್ಯಾಲಿನ ತಗ್ಗು ಎಲ್ಲಾ ದುಂಡಗ ಅದಾವ. ಒಂದೂ ಉದ್ದ ಇಲ್ಲ. ಯಾಕ್ರಿ ಸರ? ಎಲ್ಲಾ ಕಲ್ಲೂ ನೆಟ್ಟಗ ಬಿದ್ದಾವೇನು?”

ನನಗೆ ಗೊತ್ತಿರಲಿಲ್ಲ.

ಇದನ್ನು ಇಷ್ಟು ಸಲೀಸಾಗಿ ಬರೆಯಲು ನನಗೆ ಬಹಳ ದಿನ ಹಿಡಿಯಿತು. ಎಂ.ಎಸ್ಸಿ.ಯ ಎರಡು ವರ್ಷದಲ್ಲಿ, ಧಾರವಾಡದ ಮೂರು ವರ್ಷದಲ್ಲಿ, ಚಂದ್ರನ ತಗ್ಗುಗಳು ಯಾಕೆ ದುಂಡಗಿವೆ ಎಂದು ನಾನು ಯಾರನ್ನೂ ಕೇಳಿರಲಿಲ್ಲ, ನನ್ನನ್ನು ಯಾರೂ ಕೇಳಿರಲಿಲ್ಲ. ಆಕಾಶದಲ್ಲಿ ಕಲ್ಲುಗಳು ಎಲ್ಲ ದಿಕ್ಕಿನಿಂದಲೂ ಬರುತ್ತವೆ. ಎಲ್ಲವೂ ನೆಟ್ಟಗೆ ಬೀಳುವುದು ಸಾಧ್ಯವಿಲ್ಲ ಎಂಬಷ್ಟು ನನಗೆ ತಿಳಿದಿತ್ತು. ಹಾಗಾದರೆ ಅವಳ ಪ್ರಶ್ನೆ ನಿಜವಾದ ಪ್ರಶ್ನೆ. ಆ ದಿನದ ಹಾಲಿನಲ್ಲಿದ್ದ ಒಂದೇ ನಿಜವಾದ ಪ್ರಶ್ನೆ.

ಅವಳಿಗೆ ಬೆಂಗಳೂರು ಯಾಕೆ ಬೇಕಾಗಿತ್ತೆಂಬುದನ್ನೂ ಅವಳೇ ಹೇಳಿದಳು. ಊರು ನೋಡಲಿಕ್ಕಲ್ಲ. ಅಲ್ಲಿ ವಿಜ್ಞಾನಿಯನ್ನು ಏನು ಬೇಕಾದರೂ ಕೇಳಬಹುದೆಂದು ಮೇಡಂ ಹೇಳಿದ್ದರು. ಅವಳಿಗೆ ಕೇಳುವುದು ಇದೊಂದೇ ಇತ್ತು. ಮೇಡಂಗೆ ಗೊತ್ತಿಲ್ಲ, ಅಬ್ಬಾಗೆ ಗೊತ್ತಿಲ್ಲ, ಹೈಸ್ಕೂಲಿನ ಮಾಸ್ತರು ಪಾಠದಲ್ಲಿ ಇಲ್ಲ ಎಂದಿದ್ದಾರೆ. ಅಲ್ಲಿಗೆ ಹೋದರೆ ಗೊತ್ತಾಗುತ್ತದೆ.

ಅಷ್ಟು ಹೊತ್ತಿಗೆ ಕಾರ್ಯದರ್ಶಿ ನನ್ನ ಮೊಣಕೈ ಹಿಡಿದಿದ್ದರು. ಊಟಕ್ಕೆ ಎಲೆ ಹಾಕಿಯಾಗಿದೆ, ಬೂದಿ ಹಾರಿ ಬಡಿಸಿದ್ದರ ಮೇಲೆ ಬೀಳುತ್ತದೆ, ಬೇಗ ಮುಗಿಸಿರಿ ಎಂದರು. ನಾನು ಹುಡುಗಿಗೆ ಏನೋ ಹೇಳಿದೆ. ಏನು ಹೇಳಿದೆ ಎಂಬುದೇ ಮುಂದಿನ ಕತೆ. ಪೆನ್ಸಿಲಿನ ಅಂಕಗಳ ಮೇಲೆ ಪೆನ್ನಿನಿಂದ ಬರೆದು, ಸಹಿ ಮಾಡಿ, ಹೋಳಿಗೆ ಊಟ ಮಾಡಿ, ಸಂಜೆಯ ಬಸ್ಸಿಗೆ ಸಿಂಧನೂರಿಗೆ ಬಂದೆ. ರಾಕೆಟ್ಟಿನ ಹುಡುಗ ಬೆಂಗಳೂರಿಗೆ ಹೋದ. ಬೂದಿಯ ಹುಡುಗಿಗೆ ಊಟದ ಡಬ್ಬಿಯೂ ಬರಲಿಲ್ಲ.

ಆ ಪ್ರಶ್ನೆ ಮಾತ್ರ ನನ್ನ ಜೊತೆ ಬಸ್ಸು ಹತ್ತಿ ಬಂದಿತ್ತು. ಮೂರು ನಾಲ್ಕು ದಿನ ಕಾಲೇಜಿನ ಪ್ರಯೋಗಾಲಯದಲ್ಲಿ ಮರಳಿನ ತಟ್ಟೆಗೆ ಗುಂಡುಗಳನ್ನು ಓರೆಯಾಗಿ ಎಸೆದು ನೋಡಿದೆ. ಎಲ್ಲವೂ ಸೌತೆಕಾಯಿ. ಕೊನೆಗೆ ಪುಸ್ತಕಗಳನ್ನು ಹುಡುಕಿ ಓದಿದಾಗ ತಿಳಿಯಿತು: ಒಂದು ಕಾಲದಲ್ಲಿ ದೊಡ್ಡ ದೊಡ್ಡ ವಿದ್ವಾಂಸರೇ ಇದೇ ಕಾರಣ ಮುಂದೆ ಮಾಡಿ, ಚಂದ್ರನ ತಗ್ಗುಗಳು ಕಲ್ಲು ಬಿದ್ದು ಆದದ್ದಲ್ಲ, ಜ್ವಾಲಾಮುಖಿಯ ಬಾಯಿಗಳು ಎಂದು ವಾದಿಸಿದ್ದರಂತೆ. ಉತ್ತರ ಇರುವುದು ವೇಗದಲ್ಲಿ. ಆಕಾಶದಿಂದ ಬರುವ ಕಲ್ಲಿನ ವೇಗ ಎಷ್ಟಿರುತ್ತದೆ ಎಂದರೆ, ನೆಲಕ್ಕೆ ತಾಗಿದ ಕ್ಷಣವೇ ಅದು ಬಾಂಬಿನಂತೆ ಸಿಡಿಯುತ್ತದೆ. ತಗ್ಗು ತೋಡುವುದು ಕಲ್ಲಲ್ಲ, ಆ ಸಿಡಿತ. ಸಿಡಿತಕ್ಕೆ ದಿಕ್ಕಿಲ್ಲ, ಅದು ಎಲ್ಲ ಕಡೆಗೂ ಸಮನಾಗಿ ತಳ್ಳುತ್ತದೆ. ಆದ್ದರಿಂದ ತೀರ ಮಲಗಿದಂತೆ ಬಂದು ಉಜ್ಜಿದ ಕಲ್ಲುಗಳನ್ನು ಬಿಟ್ಟರೆ, ಓರೆಯಾಗಿ ಬಿದ್ದದ್ದೂ ದುಂಡನೆಯ ತಗ್ಗನ್ನೇ ಮಾಡುತ್ತದೆ.

ಹತ್ತು ವರ್ಷದ ಹುಡುಗಿಯೊಬ್ಬಳು ಗಿರಣಿಯ ಬೂದಿಯಲ್ಲಿ ಗೋಲಿ ಎಸೆದು ಆ ವಿದ್ವಾಂಸರ ತಕರಾರಿನವರೆಗೆ ತಾನಾಗಿ ನಡೆದು ಬಂದಿದ್ದಳು. ನಾನು ಅವಳಿಗೆ ಎಷ್ಟು ಅಂಕ ಕೊಟ್ಟಿದ್ದೆ?

ಏಳು ಎಂದು ನನ್ನ ನೆನಪು ಹೇಳುತ್ತಿತ್ತು. ಪೆನ್ಸಿಲಿನ ಐದನ್ನು ಮೀರಿ, ಪಟ್ಟಿ ಗಲೀಜಾದರೂ ಆಗಲೆಂದು ಏಳು ಹಾಕಿದ್ದೆ. ಒಟ್ಟು ಮೊತ್ತದಲ್ಲಿ ಅವಳು ಹಿಂದೆ ಬಿದ್ದಳು, ಅದು ನನ್ನ ಕೈಯಲ್ಲಿರಲಿಲ್ಲ. ಮತ್ತೆ ಅವಳ ಪ್ರಶ್ನೆಗೆ “ನನಗೂ ಗೊತ್ತಿಲ್ಲವ್ವಾ, ನೋಡಿ ಹೇಳ್ತೀನಿ” ಎಂದಿದ್ದೆ. ಈ ಎರಡೂ ನನಗೆ ಚಿತ್ರದಂತೆ ನೆನಪಿದ್ದವು. ಹಸಿರು ಪ್ಲಾಸ್ಟಿಕ್ ಬುಟ್ಟಿಯ ಮುಂದೆ ಬಾಗಿ ನಿಂತು ಅದನ್ನು ಹೇಳುತ್ತಿರುವ ನನ್ನನ್ನು ನಾನೇ ಎದುರಿನಿಂದ ನೋಡುತ್ತಿದ್ದೆ. ಅಲ್ಲೇ ಅನುಮಾನ ಬಂದಿತು. ನಾನು ನನ್ನನ್ನೇ ಎದುರಿನಿಂದ ಹೇಗೆ ನೋಡಿರಲು ಸಾಧ್ಯ?

ಹೆಂಡತಿಯನ್ನು ಕೇಳಿದೆ, ಆ ದಿನ ಮನೆಗೆ ಬಂದು ಏನು ಹೇಳಿದ್ದೆ ಅಂತ. ಅವಳು ಕೊತ್ತಂಬರಿ ಬಿಡಿಸುತ್ತ, ಹೋಳಿಗೆಗೆ ತುಪ್ಪ ಕಮ್ಮಿ ಹಾಕಿದ್ದರು ಅಂದಿದ್ದಿ ಎಂದಳು. ಬೇರೆ ಏನೂ ಹೇಳಲಿಲ್ಲವೇ?

“ಮಸ್ಕಿ ಕಡೀದೊಂದು ಹುಡುಗಿ ನಮ್ಮೂರ ಬೂದಿ ಹೊತಗೊಂಡು ಬಂದಿತ್ತು ಅಂತ ನಕ್ಕಿದ್ದಿ. ನಾ ನಗಲಿಲ್ಲ. ಅರಬಿ ತೊಳೆಯಾಕಿ ನಾ.”

ಕಾರ್ಯದರ್ಶಿ ಎಲ್ಲವನ್ನೂ ವಾಟ್ಸಾಪ್ ಗುಂಪಿಗೆ ಹಾಕುವ ಮನುಷ್ಯ. ಅದರಲ್ಲಿ ಹುಡುಕಿದೆ. ಬೂದಿಯ ಬುಟ್ಟಿಯ ಫೋಟೊ ಸಿಕ್ಕಿತು. ಬುಟ್ಟಿ ಹಸಿರು ಪ್ಲಾಸ್ಟಿಕ್ಕಿನದಲ್ಲ, ಕಬ್ಬಿಣದ್ದು; ಹಿಂದೆ ಕಬ್ಬಿಣದ್ದೆಂದು ಬರೆದದ್ದು ಈ ಫೋಟೊ ನೋಡಿದ ಮೇಲೆ. ಅಂಕಪಟ್ಟಿಯ ಫೋಟೊವೂ ಇತ್ತು. ದೊಡ್ಡದು ಮಾಡಿ ನೋಡಿದೆ. ಅವಳ ಹೆಸರಿನ ಮುಂದೆ ನೀಲಿ ಪೆನ್ನಿನಲ್ಲಿ ಐದು. ಪೆನ್ಸಿಲಿನ ಐದರ ಮೇಲೆ ಎಷ್ಟು ನೀಟಾಗಿ ಬರೆದಿದ್ದೆನೆಂದರೆ ಅಳಿಸುವ ಅಗತ್ಯವೇ ಬಿದ್ದಿರಲಿಲ್ಲ. ಅಕ್ಷರ ನನ್ನದು. ಪಟ್ಟಿಯಲ್ಲಿ ಎಲ್ಲಿಯೂ ಏಳು ಎಂಬ ಅಂಕವೇ ಇಲ್ಲ.

ಅಂಕದ ವಿಷಯದಲ್ಲಿ ನೆನಪು ಸುಳ್ಳು ಹೇಳಿದ್ದರೆ, ಮಾತಿನ ವಿಷಯದಲ್ಲಿ ಯಾಕೆ ನಿಜ ಹೇಳೀತು? ಅದಕ್ಕೆ ಫೋಟೊ ಇರಲಿಲ್ಲ. ಇಷ್ಟು ವರ್ಷ ನಾನು ಸೂರಿನಿಂದ ನೇತಾಡುವ ಉಂಡೆಗಳನ್ನು, ಕಾರ್ಯದರ್ಶಿಗಳನ್ನು, ಮೈ ಸೆಲ್ಫ್ ಎನ್ನುವ ಮಕ್ಕಳನ್ನು ನೋಡಿ ಒಳಗೊಳಗೇ ನಕ್ಕವನು. ಆ ನಗೆಗೆ ಆಧಾರವಾಗಿ ನನ್ನ ಬಳಿ ಇದ್ದದ್ದು ಒಂದೇ, ನಾನು ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತೇನೆ ಎಂಬುದು. ಒಂದು ಶನಿವಾರ ಕಾಲೇಜಿಗೆ ರಜೆ ಹಾಕಿ ಮಸ್ಕಿಯ ಬಸ್ಸು ಹತ್ತಿದೆ. ಹುಡುಗಿಗೆ ಉತ್ತರ ಹೇಳುವುದು ನೆಪ. ನಾನು ಏನು ಹೇಳಿದ್ದೆನೆಂದು ತಿಳಿಯಬೇಕಾಗಿತ್ತು.

ಮಸ್ಕಿಯಿಂದ ಆಟೊದಲ್ಲಿ ಶಾಲೆಗೆ ಹೋದಾಗ ಹನ್ನೊಂದು ಗಂಟೆಯಾಗುತ್ತ ಬಂದಿತ್ತು. ಶನಿವಾರ ಅರ್ಧ ದಿನದ ಶಾಲೆ. ಮೇಡಂ ಒಂದೇ ಕೋಣೆಯಲ್ಲಿ ನಾಲ್ಕನೆಯ ತರಗತಿಗೆ ಮಗ್ಗಿ ಹೇಳಿಸುತ್ತ, ಐದನೆಯ ತರಗತಿಯ ನೋಟ್‌ಬುಕ್ ತಿದ್ದುತ್ತ ಕುಳಿತಿದ್ದರು. ನನ್ನನ್ನು ನೋಡಿ ಎದ್ದು, ಯಾವುದೋ ತನಿಖೆಗೆ ಬಂದಿದ್ದೇನೆಂದು ಗಾಬರಿಯಾಗಿ ಕುರ್ಚಿ ಒರೆಸಿದರು. ಬೂದಿಯ ಹುಡುಗಿಯನ್ನು ನೋಡಬೇಕು ಎಂದಾಗ ಇನ್ನಷ್ಟು ಗಾಬರಿಯಾದರು. ಅವಳೇನಾದರೂ ತಪ್ಪು ಮಾತಾಡಿದ್ದಳೇ ಎಂದು ಕೇಳಿದರು.

ಹುಡುಗಿ ಬಂದು ನಿಂತಳು. ಬೆಂಗಳೂರಿನ ವಿಷಯ ನಾನು ಎತ್ತುವ ಮೊದಲೇ ಮೇಡಂ ಎತ್ತಿದರು. ಲಿಂಗಸುಗೂರಿನಿಂದ ಹೊರಡುವ ಮುಂಚೆ ಇವಳು ಗೆದ್ದ ಹುಡುಗನನ್ನು ಹುಡುಕಿ, ತನ್ನ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಟ್ಟು, ವಿಜ್ಞಾನಿಯನ್ನು ಕೇಳಿಕೊಂಡು ಬಾ ಎಂದು ಹೇಳಿದ್ದಳಂತೆ. ಆಮೇಲೆ ಮೇಡಂ ಆ ಶಾಲೆಗೆ ಫೋನ್ ಮಾಡಿ ವಿಚಾರಿಸಿದರು. ಅರ್ಧ ಗಂಟೆಯಲ್ಲಿ ಶಾಲು ಹೊದಿಸುವುದು, ಹಾರ ಹಾಕುವುದು, ಫೋಟೊ ತೆಗೆಯುವುದು ಆಯಿತು, ಪ್ರಶ್ನೆಗೆ ಹೊತ್ತು ಸಿಗಲಿಲ್ಲ ಎಂದರಂತೆ. ಇದನ್ನು ಕೇಳಿ ನನಗೆ ಎಂದಿನ ತಿರಸ್ಕಾರ ಬಂದಿತು. ಬಂದು ಹೆಚ್ಚು ಹೊತ್ತು ನಿಲ್ಲಲಿಲ್ಲ, ಯಾಕೆಂದರೆ ಹುಡುಗಿ ಆಗಲೇ ನೋಟ್‌ಬುಕ್ ತೆಗೆದು ನನ್ನ ಮುಂದೆ ಇಟ್ಟಿದ್ದಳು.

ಪುಟದ ಮೇಲ್ಭಾಗದಲ್ಲಿ ಬುಟ್ಟಿಯ ಚಿತ್ರ. ಕೆಳಗೆ ಪ್ರಶ್ನೆ. ಅದರ ಕೆಳಗೆ ದುಂಡನೆಯ ಅಕ್ಷರದಲ್ಲಿ: ‘ಸಿಂಧನೂರಿನ ಸರ್ ಹೇಳಿದರು, ಚಂದ್ರನ ಮೇಲೆ ಎಲ್ಲಾ ಕಲ್ಲುಗಳು ನೆಟ್ಟಗೆ ಬಿದ್ದಿವೆ.’ ಅದಕ್ಕೆ ಮೇಡಂ ಕೆಂಪು ಪೆನ್ನಿನಲ್ಲಿ ಸರಿ ಗುರುತು ಹಾಕಿದ್ದರು.

“ಇದು ನಾ ಹೇಳಿದ್ದೇನು?” ಎಂದೆ.

“ಹೂಂರಿ ಸರ. ಊಟಕ್ಕ ಹೊಂಟಿದ್ರಿ. ಹೌದು, ಎಲ್ಲಾ ನೆಟ್ಟಗ ಬಿದ್ದಾವ, ಬರ್ಕೋ ಅಂದ್ರಿ.”

‘ಬರ್ಕೋ’ ಎಂದದ್ದೂ ನಾನೇ ಇರಬೇಕು. ಅದು ತರಗತಿಯಲ್ಲಿ ನಾನು ದಿನಾ ಹೇಳುವ ಮಾತು. ಅವಳಿಗೆ ಸುಳ್ಳು ಹೇಳಲು ಕಾರಣವಿರಲಿಲ್ಲ, ನನಗಿತ್ತು. ಆದರೂ ನನ್ನ ತಲೆಯೊಳಗಿನ ಆ ಇನ್ನೊಬ್ಬ ಮನುಷ್ಯ ಹಸಿರು ಬುಟ್ಟಿಯ ಮುಂದೆ ಬಾಗಿ ‘ನನಗೂ ಗೊತ್ತಿಲ್ಲವ್ವಾ’ ಎಂದು ಹೇಳುತ್ತಲೇ ಇದ್ದ. ಇಂದಿಗೂ ಹೇಳುತ್ತಿದ್ದಾನೆ.

ನನ್ನ ಸಾಲಿನ ಕೆಳಗೆ ಇನ್ನೊಂದು ಸಾಲಿತ್ತು: ‘ಮಾಮು ಹೇಳಿದ, ಸೊಟ್ಟ ಬಿದ್ದರೂ ದುಂಡಗೆ ಆಗುತ್ತದೆ.’ ಇದರ ಪಕ್ಕದಲ್ಲಿ ಮೇಡಂ ಕೆಂಪು ಪೆನ್ನಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು.

ಮಾಮು ಯಾರೆಂದು ಕೇಳಿದೆ. ಅವಳ ತಾಯಿಯ ತಮ್ಮ, ಹಟ್ಟಿಯ ಚಿನ್ನದ ಗಣಿಯಲ್ಲಿ ಮದ್ದು ಸಿಡಿಸುವ ತಂಡದಲ್ಲಿದ್ದಾನೆ. ಹಬ್ಬಕ್ಕೆ ಬಂದಾಗ ಇವಳು ಬುಟ್ಟಿ ಮುಂದಿಟ್ಟು ಅವನನ್ನೂ ಕೇಳಿದ್ದಳು. ಅವನು ಎಷ್ಟು ಓದಿದ್ದಾನೆ ಎಂದು ಕೇಳಬಾರದಾಗಿತ್ತು, ಕೇಳಿದೆ. ಎಂಟನೆಯ ತರಗತಿ ಎಂದಳು.

“ಏನಂದ ನಿಮ್ಮ ಮಾಮು? ಪೂರಾ ಹೇಳು.”

“ಬಾವಿ ತೋಡೋವಾಗ ನೆಲಕ್ಕ ಮದ್ದು ಇಡ್ತಾರಲ್ರೀ, ಅದನ್ನ ಸೊಟ್ಟ ಇಟ್ರೂ ಅಷ್ಟ, ನೆಟ್ಟಗ ಇಟ್ರೂ ಅಷ್ಟ ಅಂದ. ಸಿಡಿದ್ರ ಎಲ್ಲಾ ಕಡೆ ದಬ್ಬತೈತಿ, ತಗ್ಗು ದುಂಡಗ ಬೀಳ್ತೈತಿ. ನಿನ್ನ ಗೋಲಿ ಸಿಡಿಯಂಗಿಲ್ಲಲೇ, ಅದಕ್ಕ ಉದ್ದ ಆಗ್ತೈತಿ. ಚಂದ್ರನ ಮ್ಯಾಲ ಬಿದ್ದ ಕಲ್ಲು ಸಿಡಿದಿರಬೇಕು ನೋಡು ಅಂದ.”

ನಾನು ಮೂರು ವಾರ ಪುಸ್ತಕ ತಿರುವಿ ಹಾಕಿದ್ದು ಇಷ್ಟಕ್ಕೆ. ಮಾಮು ಸರಿ, ನಾನು ತಪ್ಪು ಎಂದು ಹೇಳಿದೆ. ಕೋಣೆಯಲ್ಲಿ ಮಗ್ಗಿ ನಿಂತಿತು. ಮೇಡಂ ನನ್ನನ್ನೂ ಮಕ್ಕಳನ್ನೂ ನೋಡಿದರು. ಕೆಂಪು ಪೆನ್ನು ಕೊಡಿ, ನನ್ನ ಸಾಲನ್ನು ನಾನೇ ಹೊಡೆದುಹಾಕುತ್ತೇನೆ ಎಂದಾಗ ಅವರು ಪೆನ್ನನ್ನು ಹಿಂದಕ್ಕೆ ಎಳೆದುಕೊಂಡರು.

“ಬ್ಯಾಡ್ರಿ ಸರ. ತಿದ್ದಿ ಆಗೇತಿ ಅದು. ಸರಿ ಹಾಕಿದ ಮ್ಯಾಲ ಹೊಡದ್ರ, ಮ್ಯಾಲಿನವ್ರು ಬಂದು ನೋಡಿ ನನ್ನ ಕೇಳ್ತಾರ. ನೀವು ಎಂ.ಎಸ್ಸಿ. ಓದಿದವ್ರು ಹೇಳೀರಿ ಅಂತ ಸರಿ ಹಾಕೀನ್ರಿ ನಾ.”

ನನ್ನದೇ ನೀಲಿ ಪೆನ್ನು ತೆಗೆದು ಆ ಸಾಲಿನ ಮೇಲೆ ಗೆರೆ ಎಳೆದೆ. ‘ತಪ್ಪು’ ಎಂದು ಬರೆದು ಸಹಿ ಮಾಡಿದೆ. ಹುಡುಗಿ ಅದನ್ನು ಓದಿ, ಯಾಕೆ ತಪ್ಪು ಅನ್ನುವುದನ್ನೂ ಬರೆಯಿರಿ ಎಂದಳು. ಬರೆದೆ. ವೇಗ, ಶಕ್ತಿ, ಉಷ್ಣ, ಸ್ಫೋಟ, ಎಲ್ಲ ಸೇರಿ ಏಳೆಂಟು ಸಾಲಾಯಿತು. ನನ್ನ ಅಕ್ಷರ ಅವಳ ಪುಟದ ಅಂಚು ದಾಟಿ ಹೋಯಿತು. ಅವಳು ಬೆರಳಿಟ್ಟು ಒಂದೊಂದೇ ಸಾಲು ಓದಿದಳು, ಒಂದು ಕಡೆ ನಿಂತು ಹಿಂದಕ್ಕೆ ಹೋಗಿ ಮತ್ತೆ ಓದಿದಳು.

“ಮಾಮು ಹೇಳಿದ್ದ ಛಲೋ ತಿಳೀತೈತ್ರಿ ಸರ,” ಎಂದಳು. ನನಗೆ ಬೇಸರವಾಗದಿರಲೆಂದು, “ನಿಮ್ಮದೂ ಇರ್ಲಿ” ಎಂದೂ ಸೇರಿಸಿದಳು.

ಹೊರಗೆ ಯಾರೋ ಗಂಟೆ ಬಾರಿಸಿದರು. ಮಕ್ಕಳು ಚೀಲ ಹೆಗಲಿಗೇರಿಸಿ ಬಾಗಿಲಿಗೆ ನುಗ್ಗಿದರು. ಹುಡುಗಿ ನೋಟ್‌ಬುಕ್ಕಿಗೆ ಕೈ ಚಾಚಿದಾಗ ಮೇಡಂ ಒಂದು ನಿಮಿಷ ನಿಲ್ಲೆಂದು ಅದನ್ನು ತಮ್ಮ ಕಡೆ ತಿರುಗಿಸಿಕೊಂಡರು. ಮಾಮುವಿನ ಸಾಲಿನ ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಹಾಗೇ ಇತ್ತು. ಅವರು ಅದರ ಕೆಳಗೆ ನಾನು ಬರೆದ ಏಳೆಂಟು ಸಾಲುಗಳ ಕೊನೆಗೆ, ಒಂದು ಪದವನ್ನೂ ಓದದೆ, ಕೆಂಪು ಪೆನ್ನಿನಿಂದ ದೊಡ್ಡದಾಗಿ ಸರಿ ಗುರುತು ಹಾಕಿ ಪುಸ್ತಕ ಮುಚ್ಚಿದರು.